ಮೊಬೈಲ್ ಮ್ಯಾಕ್ರೋ ಲೆನ್ಸ್, ಮೂರು ವರ್ಷದ ನಂತರ: ಜೇನು ಯಾವುದು, ನೊಣ ಯಾವುದು?

ಮೊಬೈಲ್ ಕ್ಯಾಮೆರಾಗೆ ಕ್ಲಿಪ್ ಹಾಕಿ ಸಿಕ್ಕಿಸುವ, ಸಣ್ಣದನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸ್ ಇದು. ತೆಗೆದುಕೊಂಡು ಮೂರು ವರ್ಷವಾಯಿತು. ತೋಟದ ಹೂವಿಗೆ ಬರುವ ಹುಳಗಳ ಹೆಸರು ತಿಳಿಯಬೇಕು ಅನ್ನುವುದೊಂದೇ ಆಸೆ ಇತ್ತು.

ನಾವು ಜೇನನ್ನೂ ‘ನೊಣ’ ಅಂತಲೇ ಕರೆಯುತ್ತೇವೆ ಅಲ್ವಾ? ತಮಾಷೆ ನೋಡಿ, ಅದೇ ಹಳದಿ-ಕಪ್ಪು ಪಟ್ಟೆ ಹೊತ್ತು ಅದೇ ಹೂವಿಗೆ ಬರುವ ಹೋವರ್‌ಫ್ಲೈ ನಿಜವಾದ ನೊಣ. ಕುಟುಕುವುದಿಲ್ಲ, ಸುಮ್ನೆ ವೇಷ. ಮೊದಲ ವರ್ಷ ನಾನು ‘ಜೇನು’ ಅಂತ ಹೆಸರಿಟ್ಟ ಫೋಲ್ಡರ್‌ನಲ್ಲಿ ಅರ್ಧಕ್ಕರ್ಧ ಇವೇ ತುಂಬಿದ್ದವು.

ಲೆನ್ಸ್ ಹಾಕಿದರೆ ಗುಟ್ಟು ಬಯಲು. ಜೇನಿಗೆ ಮೊಣಕೈಯಂತೆ ಬಾಗಿದ ಉದ್ದ ಕುಡಿಮೀಸೆ. ಹೋವರ್‌ಫ್ಲೈಗೆ ಮೋಟು ಮೀಸೆ, ತಲೆ ತುಂಬ ಕಣ್ಣು. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಆದರೆ ರೆಕ್ಕೆ ಎಣಿಸಲು ಹೋದರೆ ಮೋಸ ಹೋಗುತ್ತೀರಿ. ಜೇನಿನ ಹಿಂದಿನ ರೆಕ್ಕೆ ಮುಂದಿನದಕ್ಕೆ ಸಣ್ಣ ಕೊಕ್ಕೆಗಳಿಂದ ಸಿಕ್ಕಿಕೊಂಡಿರುತ್ತದೆ, ಫೋಟೋದಲ್ಲಿ ಎರಡೂ ಸೇರಿ ಒಂದೇ ಥರ ಕಾಣುತ್ತವೆ. ಹೋವರ್‌ಫ್ಲೈಗಳಲ್ಲೇ ಎರಿಸ್ಟಾಲಿಸ್ ಕುಲದ ನೊಣವಂತೂ ಜೇನಿನ ಪಡಿಯಚ್ಚು. ಒಂದು ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಾಗ ರೆಕ್ಕೆಯ ನರವೊಂದು ನಡುವೆ ಜೋಲಿ ಬಿದ್ದ ಹಗ್ಗದ ಹಾಗೆ ಬಾಗಿತ್ತು. ಅದೇ ಈ ನೊಣದ ಗುರುತು, ಅಲ್ಲಿಗೆ ಸಿಕ್ಕಿಬಿತ್ತು ಕಳ್ಳ!

ಈಗ ಒಂದು ಚೆಂದದ ಫೋಟೋಗಾಗಿ ಕಾಯುವುದಿಲ್ಲ. ಮೇಲಿಂದ, ಪಕ್ಕದಿಂದ, ಮುಖ, ಹಿಂಗಾಲು, ಎಲ್ಲವನ್ನೂ ಹೊಡೆಯುತ್ತೇನೆ. ಎಲೆ ಕತ್ತರಿಸುವ ಜೇನು ಪರಾಗವನ್ನು ಕಾಲಿಗಲ್ಲ, ಹೊಟ್ಟೆಯ ಅಡಿಗೆ ಮೆತ್ತಿಕೊಳ್ಳುತ್ತದೆ. ಮೇಲಿಂದ ಎಷ್ಟು ತೆಗೆದರೂ ಅದು ಕಾಣುವುದಿಲ್ಲ. ಜೀವಿಗಳ ಫೋಟೋ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಗೊತ್ತಿರುವವರು ಕೇಳುವುದೂ ಇಂಥ ಫೋಟೋಗಳನ್ನೇ. ಎಲ್ಲದಕ್ಕೂ ಪೂರ್ತಿ ಹೆಸರು ಸಿಗುವುದಿಲ್ಲ ಬಿಡಿ. ಜಗತ್ತಿನಲ್ಲಿ ಜೇನುಗಳೇ 20,000ಕ್ಕೂ ಜಾಸ್ತಿ ಪ್ರಭೇದ, ಹೋವರ್‌ಫ್ಲೈಗಳು ಸುಮಾರು 6,000. ಎಷ್ಟೋ ಸಲ ಕುಲದ ಹೆಸರಿಗೇ ತೃಪ್ತಿಪಡಬೇಕು.

ಇನ್ನು ದೂರುಗಳು. ಹುಳಕ್ಕೆ ತೀರಾ ಹತ್ತಿರ ಹೋಗಬೇಕು, ಫೋನಿನ ನೆರಳು ಹೂವಿನ ಮೇಲೆ ಬೀಳುತ್ತದೆ, ಹುಳ ಹಾರುತ್ತದೆ. ಕಣ್ಣು ಸ್ಪಷ್ಟ ಬಂದರೆ ಹೊಟ್ಟೆ ಮಸುಕು. ಕ್ಲಿಪ್‌ನ ರಬ್ಬರ್ ಎರಡನೇ ವರ್ಷಕ್ಕೇ ಸವೆದು ಜಾರತೊಡಗಿತು. ಸೈಕಲ್ ಟ್ಯೂಬಿನ ಚೂರು ಅಂಟಿಸಿದ ಮೇಲೆ ಗಟ್ಟಿಯಾಗಿದೆ. ಗಾಜಿಗೆ ಮಾತ್ರ ಏನೂ ಆಗಿಲ್ಲ.

ಹೊತ್ತು ನೋಡಿ ಹೋದರೆ ಕೆಲಸ ಸುಲಭ. ತಂಪು ಬೆಳಿಗ್ಗೆ ಜೇನು ಮೈ ಬಿಸಿಯಾಗುವ ತನಕ ಹೆಚ್ಚು ಅಲುಗುವುದಿಲ್ಲ. ನೀಲಿ ಪಟ್ಟೆಯ ಅಮೆಗಿಲ್ಲಾ ಕುಲದ ಗಂಡು ಜೇನುಗಳು ಸಂಜೆ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಸಾಲಾಗಿ ನಿದ್ದೆ ಹೋಗುತ್ತವೆ. ನನ್ನ ಅತಿ ಒಳ್ಳೆಯ ಫೋಟೋ ಅಂಥದ್ದೊಂದು ಕಡ್ಡಿಯದೇ. ಆರು ಮಲಗಿದ್ದವು, ಏಳನೆಯದು ಜಾಗಕ್ಕಾಗಿ ಕಾಲಲ್ಲಿ ತಳ್ಳಾಡುತ್ತಿತ್ತು.

ಹೊಸದಾಗಿ ಕೊಳ್ಳುವವರು 10ರ ಬದಲು ಕಡಿಮೆ ಪಟ್ಟಿನದು ನೋಡಿ. ಸ್ವಲ್ಪ ದೂರದಿಂದಲೇ ತೆಗೆಯಬಹುದು, ಹುಳವೂ ಕೂತಿರುತ್ತದೆ.