ಮಳೆಗಾಲ ಪೂರ್ತಿ ನಿಂತ ಕ್ಯಾಂಪರ್ ವ್ಯಾನ್: ಪ್ಲಗ್ಗೋ, ಸೋಲಾರೋ, ವೈರ್ ಬಿಚ್ಚಿಡೋದೋ?

ತೀರ್ಥಹಳ್ಳಿಯ ಶೆಡ್ಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವ್ಯಾನ್ ನಿಲ್ಲಿಸಿದರೆ ಬ್ಯಾಟರಿ ಉಳಿಸುವುದು ಹೇಗೆ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಮೈನಸ್ ಟರ್ಮಿನಲ್ ಬಿಚ್ಚಿಡುವುದೇ ಅಗ್ಗ, ಒಂದು ಸ್ಪ್ಯಾನರ್ ಸಾಕು. ಲಿಥಿಯಂ ಬ್ಯಾಟರಿಗೆ ಅದೇ ಒಳ್ಳೆಯದು. ಅರ್ಧ ಚಾರ್ಜಿನಲ್ಲಿ ಬಿಡಿ.

ಲೆಡ್ ಆಸಿಡ್ ಹಾಗಲ್ಲ. ತಾನಾಗಿಯೇ ಇಳಿಯುತ್ತದೆ, 12.4 ವೋಲ್ಟ್‌ಗಿಂತ ಕೆಳಗೇ ಕೂತರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಅನ್ನೋ ಗಟ್ಟಿ ಪದರ ಹಿಡಿದು ಬ್ಯಾಟರಿ ಕೆಡುತ್ತದೆ. ಅದಕ್ಕೆ ಪ್ಲಗ್ ಬೇಕು, ಅಂದರೆ ಮನೆ ಕರೆಂಟಿಗೆ ಹಾಕಿದ ಚಾರ್ಜರ್, ಆದರೆ ತುಂಬಿದ ಮೇಲೆ ಫ್ಲೋಟ್‌ಗೆ (ಚಾರ್ಜ್ ಉಳಿಸಿಕೊಳ್ಳುವಷ್ಟೇ ಕಡಿಮೆ ವೋಲ್ಟೇಜಿಗೆ) ಇಳಿಯುವಂಥದ್ದು ಮಾತ್ರ. ನಾನೊಮ್ಮೆ ಮಾಮೂಲಿ ಚಾರ್ಜರ್ ಹಾಕಿ ಮರೆತಿದ್ದೆ. ಬ್ಯಾಟರಿ ಮುಚ್ಚಳ ತೆಗೆದರೆ ನೀರು ಆರಿ ಪ್ಲೇಟ್ ಬರಿದಾಗಿ ಕಾಣುತ್ತಿತ್ತು. ಅರ್ಥಿಂಗ್ ಸರಿಯಿರಲಿ, ಗುಡುಗು ಶುರುವಾದರೆ ಪ್ಲಗ್ ಕೀಳಲು ಮನೆಯಲ್ಲಿ ಯಾರಾದರೂ ಇರಲಿ. ಫ್ಯಾನ್ ಓಡಿಸಿ ಹಾಸಿಗೆಗೆ ಬೂಷ್ಟು ಬಾರದಂತೆ ನೋಡಿಕೊಳ್ಳಲೂ ಇದೊಂದೇ ದಾರಿ.

ಸೋಲಾರ್ ಶೆಡ್ಡಿನೊಳಗೆ ದಂಡ. ಬೇಸಿಗೆಯಲ್ಲಿ ಶಿವಮೊಗ್ಗದ ಬಯಲಲ್ಲಿ, ಹತ್ತಿರ ಕರೆಂಟಿಲ್ಲದ ಕಡೆ ನಿಲ್ಲಿಸುವವರು ಧೈರ್ಯವಾಗಿ ಹಾಕಿಸಿ.