ಮೌಸ್ ಐಎಲ್-6 ಎಲಿಸಾ ಕಿಟ್: ಕರಾವಳಿಯ ಲ್ಯಾಬಿನಲ್ಲಿ ಎಷ್ಟು ನಂಬಬಹುದು?

ಶ್ವಾಸಕೋಶದ ಉರಿಯೂತದ ಮೇಲೆ ಕೆಲಸ ಮಾಡುವ ದೇರಳಕಟ್ಟೆ, ಮಣಿಪಾಲದ ಕಡೆಯ ಲ್ಯಾಬ್‌ಗಳಿಗಾಗಿ ಈ ವಿಮರ್ಶೆ. ಇಲ್ಲಿ ನೋಡುತ್ತಿರುವುದು ಉರಿಯೂತದ ಸಂಕೇತ ಪ್ರೋಟೀನಾದ (ಸೈಟೊಕೈನ್) ಐಎಲ್-6 ಅನ್ನು ಎರಡು ಆಂಟಿಬಾಡಿಗಳ ನಡುವೆ ಹಿಡಿದು ಬಣ್ಣದ ಮೂಲಕ ಅಳೆಯುವ, 96 ವೆಲ್‌ಗಳ (ಸಣ್ಣ ಗುಳಿಗಳ) ಪ್ರೀ-ಕೋಟೆಡ್ ಸ್ಯಾಂಡ್‌ವಿಚ್ ಎಲಿಸಾ ಕಿಟ್. ಪೆಟ್ಟಿಗೆಯ ಮೇಲಿನ ಹೆಸರು ಯಾವುದೇ ಇರಲಿ, ಈ ಬಗೆಯ ಕಿಟ್‌ಗಳ ಒಳಗಿನ ಸರಂಜಾಮು ಹೆಚ್ಚುಕಡಿಮೆ ಒಂದೇ: ಆಂಟಿಬಾಡಿ ಹಚ್ಚಿದ ಸ್ಟ್ರಿಪ್‌ಗಳು, ಪುಡಿಯಾಗಿ ಬರುವ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಐಎಲ್-6), ಬಯೋಟಿನ್ ಜೋಡಿಸಿದ ಎರಡನೇ ಆಂಟಿಬಾಡಿ, ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ, ಅದರಲ್ಲಿನ ಎಚ್‌ಆರ್‌ಪಿ ಕಿಣ್ವದಿಂದ ನೀಲಿಯಾಗುವ ಟಿಎಂಬಿ, ಆ ಕ್ರಿಯೆ ನಿಲ್ಲಿಸುವ ಸ್ಟಾಪ್ ದ್ರಾವಣ. ನಮ್ಮ ಮತ ಇಷ್ಟು: ಶ್ವಾಸಕೋಶ ತೊಳೆದು ತೆಗೆದ ಬಾಲ್ ದ್ರವಕ್ಕೆ ಇದು ಚೆನ್ನಾಗಿದೆ, ಅರೆದ ಅಂಗಾಂಶಕ್ಕೆ ಅಷ್ಟಕ್ಕಷ್ಟೆ. ಬೇಸಿಗೆಯ ಸೆಕೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಮಾಡಿ ಆಮೇಲೆ ಕಿಟ್ ಬೈಯುವುದು ನ್ಯಾಯವಲ್ಲ.

ತರಿಸುವ ಮೊದಲು ಲೇಬಲ್ ಓದಿ. ಮೌಸ್ ಎಂದು ಬರೆದ ಕಿಟ್ ವಿಸ್ಟಾರ್ ರ‍್ಯಾಟ್‌ಗೆ ನಡೆಯುತ್ತದೆ ಎಂದು ಊಹಿಸಬೇಡಿ. ನಮ್ಮಲ್ಲಿ ಎರಡಕ್ಕೂ 'ಇಲಿ' ಎಂದೇ ಹೇಳುವುದರಿಂದ ಇಂಡೆಂಟ್ ಬರೆಯುವಾಗಲೇ ಎಡವಟ್ಟಾಗುತ್ತದೆ. ಐಎಲ್-8 ಕಿಟ್ ಕೂಡ ಬೇಕು ಎನ್ನುವವರಿಗೂ ಒಂದು ಮಾತು: ಇಲಿಗಳಲ್ಲಿ ಐಎಲ್-8 ಇಲ್ಲ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಸೆಳೆಯುವ ಅದರ ಕೆಲಸವನ್ನು ಇವುಗಳಲ್ಲಿ ಮಾಡುವ ಕೆಸಿ ಅಥವಾ ಎಂಐಪಿ-2 ಅಳೆಯಬೇಕು.

ಫಲಿತಾಂಶದ ಅರ್ಧ ಭವಿಷ್ಯ ಕಿಟ್ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಎಲ್‌ಪಿಎಸ್ (ಉರಿಯೂತ ತರಿಸುವ ಬ್ಯಾಕ್ಟೀರಿಯಾ ಹೊದಿಕೆಯ ಅಂಶ) ಕೊಟ್ಟ ಇಲಿಯ ಶ್ವಾಸನಾಳಕ್ಕೆ ಕ್ಯಾನುಲಾ ಕಟ್ಟಿ, ತಣ್ಣನೆಯ ಪಿಬಿಎಸ್ (ಉಪ್ಪಿನ ಬಫರ್) 0.8ರಿಂದ 1 ಮಿಲಿಲೀಟರ್ ಒಳಬಿಟ್ಟು ನಿಧಾನಕ್ಕೆ ಎಳೆಯಬೇಕು. ಹೀಗೆ ಮೂರು ಸಲ. ಮೊದಲ ತೊಳೆತವನ್ನು ಬೇರೆಯೇ ಇಡಿ, ಸೈಟೊಕೈನ್ ಅಳೆಯುವುದು ಅದರಲ್ಲೇ. ಉಳಿದೆರಡನ್ನು ಜೀವಕೋಶ ಎಣಿಸಲು ಮಾತ್ರ ಸೇರಿಸಿಕೊಳ್ಳಿ. ಮೂರನ್ನೂ ಒಂದೇ ಟ್ಯೂಬಿಗೆ ಸುರಿದರೆ ಐಎಲ್-6 ತೆಳುವಾಗುತ್ತದೆ, ಪ್ರತಿ ಇಲಿಯಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ. ಎಷ್ಟು ಬಿಟ್ಟಿರಿ, ಎಷ್ಟು ವಾಪಸ್ ಬಂತು ಎರಡನ್ನೂ ಬರೆದಿಡಿ. 4 ಡಿಗ್ರಿಯಲ್ಲಿ 400ರಿಂದ 500 ಜಿ (ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಸಣ್ಣ ಸಣ್ಣ ಪಾಲುಗಳಾಗಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಫ್ರೀಜ್ ಮಾಡಬೇಡಿ. ಕರಗಿದ ಮೇಲೆ ಲೋಳೆಯ ಎಳೆ ಕಂಡರೆ 10,000 ಜಿಗೆ ಇನ್ನೊಂದು ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಅದು ಪಿಪೆಟ್ ತುದಿಗೆ ಅಂಟಿ 100 ಮೈಕ್ರೋಲೀಟರ್ ಬದಲು 80 ಬೀಳುತ್ತದೆ.

ಈಗ ಕಿಟ್. ಫ್ರಿಜ್ಜಿನಿಂದ ತೆಗೆದ ಫಾಯಿಲ್ ಚೀಲವನ್ನು ತಕ್ಷಣ ಹರಿಯಬೇಡಿ. ಮಂಗಳೂರಿನ ಗಾಳಿಯ ತೇವಕ್ಕೆ ತಣ್ಣನೆಯ ಸ್ಟ್ರಿಪ್‌ಗಳ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಉಳಿದ ಸ್ಟ್ರಿಪ್‌ಗಳನ್ನು ಒಳಗಿನ ಸಿಲಿಕಾ ಪೊಟ್ಟಣದ ಸಮೇತ ಜಿಪ್ ಮುಚ್ಚಿ ವಾಪಸ್ ಇಡಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ರಾತ್ರಿ ಬಾಯಿ ತೆರೆದೇ ಉಳಿದ ಚೀಲದ ಸ್ಟ್ರಿಪ್‌ಗಳನ್ನು ಅಭ್ಯಾಸಕ್ಕೆ ಬಳಸಿ, ಪ್ರಬಂಧಕ್ಕೆ ಬೇಡ.

ಸ್ಟ್ಯಾಂಡರ್ಡ್ ಏಳು ಹಂತ ಮತ್ತು ಒಂದು ಬ್ಲ್ಯಾಂಕ್ (ಐಎಲ್-6 ಇಲ್ಲದ್ದು), ಎಲ್ಲವೂ ಜೋಡಿ ವೆಲ್‌ಗಳಲ್ಲಿ ಎಂದರೆ 16 ವೆಲ್ ಹೋಯಿತು. ಉಳಿದ 80ರಲ್ಲಿ 40 ಮಾದರಿ. ತಲಾ 8 ಇಲಿಗಳ ನಾಲ್ಕು ಗುಂಪು ಇದ್ದರೂ 8 ಜಾಗ ಉಳಿಯುತ್ತದೆ. ಅದನ್ನು ಹೊಸ ಮಾದರಿಗಳಿಂದ ತುಂಬುವ ಆಸೆ ಬೇಡ, ಡೈಲ್ಯೂಷನ್ ಪರೀಕ್ಷೆಗೆ ಕೊಡಿ. ಎಲ್‌ಪಿಎಸ್ ಗುಂಪಿನ ಐಎಲ್-6 ಎಷ್ಟೋ ಸಲ ಪ್ರತಿ ಮಿಲಿಲೀಟರಿಗೆ ಸಾವಿರಾರು ಪಿಕೋಗ್ರಾಂ ತಲುಪುತ್ತದೆ. ಕಿಟ್‌ನ ಮೇಲ್ಮಿತಿ 500 ಅಥವಾ 1000 ಆಗಿದ್ದರೆ ತೆಳು ಮಾಡದ ಮಾದರಿ ಸ್ಟ್ಯಾಂಡರ್ಡ್‌ಗಳ ಕರ್ವ್‌ನ ಆಚೆ ಹಾರುತ್ತದೆ. 1:10, 1:50 ಎರಡನ್ನೂ ಒಂದು ಮಾದರಿಯಲ್ಲಿ ಮೊದಲು ನೋಡಿ. ಗುಣಿಸಿದ ಮೇಲೆ ಎರಡರ ಉತ್ತರ ಹತ್ತಿರ ಬಂದರೆ ಸರಿ. ಪಿಬಿಎಸ್ ಮಾತ್ರ ಕೊಟ್ಟ ಕಂಟ್ರೋಲ್ ಇಲಿಗಳ ದ್ರವವನ್ನು ತೆಳು ಮಾಡದೆ ಹಾಕಿ.

ಪ್ಲೇಟನ್ನು ಕೈಯಾರೆ ತೊಳೆಯುವ ಹಂತದಲ್ಲೇ ಹೆಚ್ಚಿನವು ಕೆಡುವುದು. ಪ್ರತಿ ವೆಲ್‌ಗೆ 300 ಮೈಕ್ರೋಲೀಟರ್ ಟ್ವೀನ್ (ಸೌಮ್ಯ ಡಿಟರ್ಜೆಂಟ್) ಬೆರೆಸಿದ ಬಫರ್, ಅರ್ಧ ನಿಮಿಷ ನಿಲ್ಲಿಸಿ ಚೆಲ್ಲುವುದು, ಟಿಶ್ಯೂ ರಾಶಿಯ ಮೇಲೆ ಬಲವಾಗಿ ಬಡಿಯುವುದು. ಎಚ್‌ಆರ್‌ಪಿ ಹಾಕಿದ ಮೇಲಂತೂ ಇದನ್ನು ಐದು ಸಲ ಮಾಡಿ. ಸೋಡಿಯಂ ಅಜೈಡ್ ಇರುವ ಬಫರ್ ಹತ್ತಿರವೂ ಬರಬಾರದು, ಅದು ಎಚ್‌ಆರ್‌ಪಿಯನ್ನೇ ನಿಲ್ಲಿಸುತ್ತದೆ. ಬಣ್ಣವೇ ಬರಲಿಲ್ಲ ಎಂದು ದೂರುವವರು ಮೊದಲು ತಮ್ಮ ಬಫರ್ ಬಾಟಲಿಯ ಮೇಲಿನ ಚೀಟಿ ನೋಡಲಿ.

ಟಿಎಂಬಿಗೆ ಕೈಪಿಡಿ 15ರಿಂದ 20 ನಿಮಿಷ ಎನ್ನುತ್ತದೆ, ಅದು 20ರಿಂದ 25 ಡಿಗ್ರಿಯ ಕೋಣೆಯ ಲೆಕ್ಕ. 32 ಡಿಗ್ರಿಯಲ್ಲಿ ಮೇಲಿನ ಸ್ಟ್ಯಾಂಡರ್ಡ್‌ಗಳು ಬೇಗ ಗಾಢ ನೀಲಿಯಾಗುತ್ತವೆ, ಬ್ಲ್ಯಾಂಕ್ ಕೂಡ ನೀಲಿಗೆ ತಿರುಗತೊಡಗುತ್ತದೆ. ಎಸಿ ಇಲ್ಲದಿದ್ದರೆ ಗಡಿಯಾರಕ್ಕಿಂತ ಬ್ಲ್ಯಾಂಕ್ ಮೇಲೆ ಕಣ್ಣಿಡಿ. ಸ್ಟಾಪ್ ಹಾಕಿದಾಗ ನೀಲಿ ಹೋಗಿ ಹಲಸಿನ ತೊಳೆಯ ಹಳದಿ ಬರಬೇಕು. ಎಲ್ಲಾದರೂ ಹಸಿರು ಉಳಿದರೆ ಪ್ಲೇಟನ್ನು ಮೆಲ್ಲಗೆ ತಟ್ಟಿ ಬೆರೆಸಿ. 450 ನ್ಯಾನೋಮೀಟರ್‌ನಲ್ಲಿ ಓದಿ, 540 ಅಥವಾ 570ರ ಓದನ್ನು ಅದರಿಂದ ಕಳೆಯಿರಿ. ಹದಿನೈದು ನಿಮಿಷದೊಳಗೆ ಮುಗಿಸುವುದು ಒಳ್ಳೆಯದು. ಆದ್ದರಿಂದ ಮಳೆಗಾಲದಲ್ಲಿ ರೀಡರ್‌ಗೆ ಯುಪಿಎಸ್ ಇಲ್ಲದೆ ಪ್ಲೇಟ್ ಶುರು ಮಾಡಬೇಡಿ. ಅಂಚಿನ ವೆಲ್‌ಗಳು ಮಾತ್ರ ಹೆಚ್ಚು ತೋರಿಸಿದರೆ ಫ್ಯಾನ್ ಗಾಳಿ ಕಾರಣವಿರಬಹುದು. ಪ್ಲೇಟನ್ನು ಕಾಯಲು ಬಿಡುವ ಪ್ರತಿ ಹಂತದಲ್ಲೂ (ಇನ್‌ಕ್ಯುಬೇಷನ್) ಅಂಟು ಹಾಳೆ ಮುಚ್ಚಿ. ಕರ್ವ್‌ಗೆ ನೇರ ಗೆರೆ ಎಳೆಯದೆ ನಾಲ್ಕು ಪ್ಯಾರಾಮೀಟರ್‌ನ (ಎಸ್ ಆಕಾರದ ಗೆರೆಯ) ಫಿಟ್ ಬಳಸಿ.

ಬಂದ ಸಂಖ್ಯೆಯನ್ನು ಒಟ್ಟು ಪ್ರೋಟೀನಿನಿಂದ ಭಾಗಿಸುವ ಪದ್ಧತಿ ಅಲ್ಲಲ್ಲಿ ಇದೆ. ಬಾಲ್ ದ್ರವಕ್ಕೆ ಇದು ತಪ್ಪು. ಎಲ್‌ಪಿಎಸ್ ಕೊಟ್ಟಾಗ ರಕ್ತನಾಳ ಸೋರಿ ಪ್ರೋಟೀನೇ ಏರುತ್ತದೆ. ಭಾಗಿಸಿದರೆ ಪೆಟ್ಟು ಜೋರಾದ ಇಲಿಯಲ್ಲೇ ಐಎಲ್-6 ಕಡಿಮೆ ಕಾಣುತ್ತದೆ. ಪ್ರತಿ ಮಿಲಿಲೀಟರಿನ ಲೆಕ್ಕ ಕೊಟ್ಟು, ಪ್ರೋಟೀನನ್ನು ಬೇರೆ ಚಿತ್ರವಾಗಿ ತೋರಿಸಿ.

ಅರೆದ ಅಂಗಾಂಶಕ್ಕೆ ಬಳಸಲೇಬೇಕೆಂದರೆ ಎಸ್‌ಡಿಎಸ್ (ಪ್ರೋಟೀನಿನ ಆಕಾರ ಕೆಡಿಸುವ ಡಿಟರ್ಜೆಂಟ್) ಇರುವ ಬಫರ್ ಬಿಟ್ಟು, ಪ್ರೋಟಿಯೇಸ್ (ಪ್ರೋಟೀನ್ ಒಡೆಯುವ ಕಿಣ್ವ) ತಡೆಯೊಂದಿಗೆ ಸೌಮ್ಯ ಟ್ರೈಟನ್ ಬಫರ್ ಆರಿಸಿ. ಗೊತ್ತಿರುವ ಪ್ರಮಾಣದ ಸ್ಟ್ಯಾಂಡರ್ಡ್ ಬೆರೆಸಿ ಎಷ್ಟು ವಾಪಸ್ ಸಿಗುತ್ತದೆ ನೋಡಿ. 80ರಿಂದ 120 ಶೇಕಡಾ ಬಾರದಿದ್ದರೆ ಆ ಅಂಕಿಗಳನ್ನು ಬಳಸಬೇಡಿ.

ಕಿಟ್ ಬರುವುದು 2ರಿಂದ 8 ಡಿಗ್ರಿಯ ಜೆಲ್ ಪೊಟ್ಟಣಗಳ ನಡುವೆ. ಬೆಂಗಳೂರಿನಿಂದ ಸೋಮವಾರ ಹೊರಡುವಂತೆ ಕೇಳಿ. ಶುಕ್ರವಾರ ಹೊರಟದ್ದು ವಾರಾಂತ್ಯವನ್ನು ಗೋದಾಮಿನಲ್ಲಿ ಕಳೆಯುತ್ತದೆ, ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಇನ್ನೂ ತಡ. ಇಡೀ ಅಧ್ಯಯನಕ್ಕೆ ಎಷ್ಟು ಪ್ಲೇಟ್ ಬೇಕೋ ಅಷ್ಟನ್ನೂ ಒಂದೇ ಲಾಟ್ ಸಂಖ್ಯೆಯಲ್ಲಿ ಮೇ ತಿಂಗಳೊಳಗೆ ತರಿಸಿಕೊಳ್ಳಿ, ಆರ್ಡರ್ ಪತ್ರದಲ್ಲಿ ಎಕ್ಸ್‌ಪೈರಿಯ ತಿಂಗಳನ್ನೂ ಬರೆಸಿಕೊಳ್ಳಿ.