ಪವರ್ ಡ್ರಾಬಾರ್: ಬ್ಯಾಟರಿ, ಗಾಳಿ, ಸ್ಪ್ರಿಂಗ್ ಮೂರನ್ನೂ ಕಟ್ಟಿ ನೋಡಿದೆ

ಮಿಲ್ಲಿಂಗ್ ಮಷೀನಿನಲ್ಲಿ ಒಂದು ಒಳ್ಳೆಯ ತೂತು ಹಾಕಲು ಟೂಲ್ ಎಷ್ಟು ಸಲ ಬದಲಿಸುತ್ತೀರಿ, ಎಣಿಸಿ ನೋಡಿ. ಎಡ್ಜ್ ಫೈಂಡರ್, ಸೆಂಟರ್ ಡ್ರಿಲ್, ಡ್ರಿಲ್, ರೀಮರ್. ಪ್ರತಿ ಸಲವೂ ಒಂದು ಕೈಯಲ್ಲಿ ಸ್ಪಿಂಡಲ್ (ಟೂಲ್ ತಿರುಗಿಸುವ ದಂಡ) ಹಿಡಿದು, ಇನ್ನೊಂದನ್ನು ಮೇಲಕ್ಕೆ ಚಾಚಿ ಡ್ರಾಬಾರಿಗೆ, ಅಂದರೆ ಸ್ಪಿಂಡಲಿನ ನಡುವೆ ಹಾದು ಟೂಲನ್ನು ಮೇಲಕ್ಕೆ ಎಳೆದು ಹಿಡಿಯುವ ಉದ್ದ ಬೋಲ್ಟಿಗೆ, ಸ್ಪ್ಯಾನರ್ ಹಾಕಬೇಕು. ಆಮೇಲೆ ಸುತ್ತಿಗೆಯಿಂದ ಒಂದು ಏಟು. ನನ್ನದು ಆರ್8 ಮಾದರಿಯ ಸ್ಪಿಂಡಲ್, ಡ್ರಾಬಾರಿಗೆ 7/16 ಇಂಚು, ಇಂಚಿಗೆ 20 ಎಳೆಯ ಥ್ರೆಡ್. ಭುಜ ಹಿಡಿದುಕೊಂಡ ಮೇಲೆ, ಬಿಗಿಯುವ ಬಿಚ್ಚುವ ಕೆಲಸವನ್ನು ಕೈಯಿಂದ ತಪ್ಪಿಸುವ ಈ ಪ್ರಯೋಗ ಶುರುವಾಯಿತು.

ಮೊದಲನೆಯದು ಸೋಮಾರಿಗಳ ದಾರಿ. ಬ್ಯಾಟರಿ ಇಂಪ್ಯಾಕ್ಟ್ ಡ್ರೈವರಿಗೆ ಸಾಕೆಟ್ ಸಿಕ್ಕಿಸಿ ಡ್ರಾಬಾರ್ ತಲೆಗೆ ಇಟ್ಟರೆ ಮುಗಿಯಿತು. ಕಟ್ಟುವುದು ಏನೂ ಇಲ್ಲ. ಆದರೆ ಎಷ್ಟು ಬಿಗಿಯಬೇಕು ಎನ್ನುವುದು ಪೂರ್ತಿ ಬೆರಳಿನ ಮೇಲೆ. ಒಂದು ದಿನ ಟ್ರಿಗರ್ ಒತ್ತಿದ್ದು ಸ್ವಲ್ಪ ಜಾಸ್ತಿ ಆಯಿತು. ಕಾಲೆಟ್ (ಟೂಲನ್ನು ಬಿಗಿಹಿಡಿಯುವ ಸೀಳುಗಳಿರುವ ಕೊಳವೆ) ಸ್ಪಿಂಡಲಿನ ಟೇಪರಿನಲ್ಲಿ, ಅಂದರೆ ಒಳಗೆ ಹೋದಂತೆ ಕಿರಿದಾಗುವ ತೂತಿನಲ್ಲಿ, ಕಚ್ಚಿಕೊಂಡು, ಬಾರ್ ಸಡಿಲವಾದರೂ ಅಲ್ಲಾಡಲಿಲ್ಲ. ಮತ್ತೆ ಸುತ್ತಿಗೆಯೇ ಗತಿ.

ಆಗ ಹೊಳೆಯಿತು. ಬಿಗಿಯುವುದನ್ನು ಯಾವ ಮೋಟಾರಾದರೂ ಮಾಡುತ್ತದೆ, ತೊಂದರೆ ಇರುವುದು ಬಿಡಿಸುವುದರಲ್ಲಿ. ಸ್ಪಿಂಡಲಿನ ಮೇಲ್ತುದಿಗೆ ನಡುವೆ ತೂತಿರುವ ಒಂದು ಟೋಪಿ ತಿರುಚಿ ಕೂರಿಸಿದೆ. ತೂತಿನೊಳಗೆ ಸಾಕೆಟ್ ಹೋಗುತ್ತದೆ, ಆದರೆ ಬಾರಿನ ಕಾಲರ್ ಮೇಲೆ ಬರಲಾರದು. ಈಗ ಬಿಚ್ಚುವಾಗ ಬಾರಿಗೆ ಮೇಲೇಳಲು ಜಾಗವಿಲ್ಲ, ಹಾಗಾಗಿ ಥ್ರೆಡ್ಡೇ ಕಾಲೆಟನ್ನು ಕೆಳಕ್ಕೆ ನೂಕುತ್ತದೆ. ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಬೇರೇನೂ ಕಟ್ಟದಿದ್ದರೂ ಈ ಟೋಪಿಯೊಂದನ್ನು ಮಾಡಿಕೊಳ್ಳಿ, ಕೈ ಸ್ಪ್ಯಾನರಿಗೂ ಉಪಯೋಗವಾಗುತ್ತದೆ.

ಎರಡನೆಯದು ಬಟರ್‌ಫ್ಲೈ ರೆಂಚ್, ಅಂದರೆ ಕಂಪ್ರೆಸರ್ ಗಾಳಿಯಿಂದ ಏಟು ಕೊಟ್ಟು ತಿರುಗಿಸುವ ರೆಂಚ್. ಎರಡು ಕಂಬಗಳ ಮೇಲೆ ಜಾರುವ ಹಲಗೆಗೆ ಅದನ್ನು ಕಟ್ಟಿದೆ. ಒಂದು ಚಿಕ್ಕ ಸಿಲಿಂಡರ್ ಹಲಗೆಯನ್ನು ಕೆಳಗೆ ಒತ್ತುತ್ತದೆ, ಸ್ಪ್ರಿಂಗ್ ಮೇಲಕ್ಕೆ ಎತ್ತುತ್ತದೆ. ಎರಡು ಬಟನ್: ಒಂದು ಬಿಗಿಯಲು, ಒಂದು ಬಿಚ್ಚಲು. ಬಿಗಿಯುವ ಪೈಪಿಗೆ ಮಾತ್ರ ರೆಗ್ಯುಲೇಟರ್ ಹಾಕಿ ಗಾಳಿಯ ಒತ್ತಡವನ್ನು 3 ಬಾರ್‌ಗೆ ಇಳಿಸಿದೆ. ಬಿಚ್ಚುವುದಕ್ಕೆ ಪೂರ್ತಿ 6 ಬಾರ್. ಹೀಗಾಗಿ ಬಿಗಿದದ್ದು ಬಿಚ್ಚದೆ ಉಳಿಯುವ ಪ್ರಶ್ನೆಯೇ ಇಲ್ಲ. ಸ್ಪಿಂಡಲ್ ಹಿಡಿದುಕೊಳ್ಳುವ ಅಗತ್ಯವೂ ಕಾಣಲಿಲ್ಲ. ಏಟುಗಳು ಅಷ್ಟು ಚುರುಕು, ಕಡಿಮೆ ಗೇರಿನಲ್ಲಿ ಸ್ಪಿಂಡಲಿನ ಜಡತ್ವವೇ ಸಾಕಾಗುತ್ತದೆ. ಕ್ವಿಲ್ (ಸ್ಪಿಂಡಲನ್ನು ಮೇಲೆ ಕೆಳಗೆ ಒಯ್ಯುವ ಕೊಳವೆ) ಪೂರ್ತಿ ಮೇಲಿದ್ದಾಗ ಮಾತ್ರ ಸಾಕೆಟ್ ಎಟುಕುತ್ತದೆ, ಅದು ನೆನಪಿರಲಿ. ಸದ್ದು? ಕಿವಿಗೆ ಏನಾದರೂ ಹಾಕಿಕೊಳ್ಳದೆ ಆಗುವುದಿಲ್ಲ.

ಒಂದು ಎಡವಟ್ಟೂ ಮಾಡಿಕೊಂಡೆ. ಸ್ಪ್ರಿಂಗ್ ಮೆತ್ತಗಿತ್ತು, ಸಾಕೆಟ್ ತಲೆಯ ಮೇಲೇ ಕೂತಿತ್ತು. ನೋಡದೆ ಸ್ಪಿಂಡಲ್ ಚಾಲೂ ಮಾಡಿದೆ. ಒಂದು ಕಂಬ ಬಾಗಿತು, ಪುಣ್ಯಕ್ಕೆ ತಲೆಗೆ ಏನೂ ಬೀಳಲಿಲ್ಲ. ಈಗ ಹಲಗೆ ಪೂರ್ತಿ ಮೇಲೆ ಹೋದರೆ ಮಾತ್ರ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ ಇದೆ.

ಮೂರನೆಯದು ಬೆಲ್ವಿಲ್ ವಾಶರುಗಳದು, ಅಂದರೆ ಬಟ್ಟಲಿನಾಕಾರದ ಸ್ಪ್ರಿಂಗ್. ಒಂದೇ ಮುಖವಾಗಿ ಪೇರಿಸಿದರೆ ಬಲ ಜಾಸ್ತಿ, ಮುಖಾಮುಖಿ ಇಟ್ಟರೆ ಓಟ, ಅಂದರೆ ಸ್ಪ್ರಿಂಗ್ ಸರಿಯುವ ದೂರ, ಜಾಸ್ತಿ. ಈ ಲೆಕ್ಕಕ್ಕೇ ಎರಡು ಸಂಜೆ ಹೋಯಿತು. ಸ್ಪ್ರಿಂಗ್ ಸದಾ ಬಾರನ್ನು ಮೇಲಕ್ಕೆ ಎಳೆದಿರುತ್ತದೆ, ಗಾಳಿ ಬರುವುದು ಬಿಡಿಸಲು ಮಾತ್ರ. ಗಾಳಿ ಹೋದರೂ ಟೂಲ್ ಬೀಳದು. ಆದರೆ ಆ ಸ್ಪ್ರಿಂಗ್ ಒತ್ತಲು 100 ಎಂಎಂ ಪಿಸ್ಟನ್ 6 ಬಾರ್‌ನಲ್ಲಿ ಕೊಡುವ ಸುಮಾರು 4,700 ನ್ಯೂಟನ್ ಸಾಲಲಿಲ್ಲ, ಮೂರು ಪಿಸ್ಟನ್ ಒಂದರ ಮೇಲೊಂದು ಕೂರಿಸಬೇಕಾಯಿತು. ಅಷ್ಟೂ ಬಲ ಸ್ಪಿಂಡಲ್ ಬೇರಿಂಗಿನ ಮೇಲೆ ಬೀಳಬಾರದಲ್ವಾ? ಹಾಗಾಗಿ ಒತ್ತುವಾಗ ಸ್ಪಿಂಡಲನ್ನೇ ಕೆಳಗಿನಿಂದ ಹಿಡಿದುಕೊಳ್ಳುವ ಕೊಕ್ಕೆಗಳು ಬೇಕು.

ಇಷ್ಟೆಲ್ಲಾ ಮಾಡಿದರೂ ಓಟ ಒಂದೆರಡು ಎಂಎಂ ಮಾತ್ರ. ಒಂದೇ ಕಾಲೆಟನ್ನು ಒಳಗೇ ಬಿಟ್ಟು, ನೇರ ಶ್ಯಾಂಕಿನ ಹೋಲ್ಡರುಗಳನ್ನು ಬದಲಿಸಲು ಇದು ಸೊಗಸು, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆರ್8 ಕಾಲೆಟನ್ನೇ ಬದಲಿಸಬೇಕೆಂದರೆ ಥ್ರೆಡ್ ಬಿಚ್ಚಲೇಬೇಕು, ಸ್ಪ್ರಿಂಗ್ ಏನೂ ಮಾಡದು. ಹಿಡಿತ ಸ್ವಲ್ಪ ಕಡಿಮೆಯಾದರೂ ಎಂಡ್ ಮಿಲ್ ಎಂಬ ಕಟರಿನ ಸುರುಳಿ ಹೋಲ್ಡರನ್ನು ಕೆಳಕ್ಕೆ ಎಳೆಯುತ್ತದೆ. ನನ್ನದು ಉಕ್ಕಿನಲ್ಲಿ ದಪ್ಪ ಕಟ್ ಹಾಕುವಾಗ ಅರ್ಧ ಎಂಎಂ ಜಾರಿ ಒಂದು ಪೀಸ್ ಕೆಡಿಸಿತು.

ಕೈಯಿಂದ ಓಡಿಸುವ ಮಷೀನಿಗೆ ಬಟರ್‌ಫ್ಲೈ ಸಾಕು, ನನ್ನದರ ಮೇಲೆ ಉಳಿದಿರುವುದೂ ಅದೇ. ಬ್ಯಾಟರಿ ಡ್ರೈವರ್ ತನ್ನ ಹಳೆಯ ಕೆಲಸಕ್ಕೆ ಮರಳಿದೆ. ಸ್ಪ್ರಿಂಗ್ ಮತ್ತು ಪಿಸ್ಟನ್ ಎಣ್ಣೆ ಹಚ್ಚಿಸಿಕೊಂಡು ಕಪಾಟಿನಲ್ಲಿವೆ, ಮಷೀನನ್ನು ಸಿಎನ್‌ಸಿ (ಕಂಪ್ಯೂಟರ್ ಓಡಿಸುವಂಥದ್ದು) ಮಾಡಿದ ದಿನ ಇಳಿಸುತ್ತೇನೆ.